ಉತ್ತರದ ಕಿಟಕಿಯ ಕೋಣೆಗೆ ಕಡು ನೀಲಿ ಒಪ್ಪುತ್ತದಾ?

10 ಅಡಿಗೆ 12 ಅಡಿ ಮಲಗುವ ಕೋಣೆ, ಉತ್ತರಕ್ಕೆ ಒಂದೇ ಕಿಟಕಿ, ಕೆನೆಬಣ್ಣದ ಟೈಲ್ಸ್, ತೇಗದ ಬಾಗಿಲು. ಕಡು ನೀಲಿ ಹೊಡೆಸಿದರೆ ಗವಿಯಂತಾಗುತ್ತದೆ ಅಂತ ಮನೆಯವರು ಹೆದರಿಸುತ್ತಿದ್ದಾರೆ, ಜೊತೆಗೆ ಯಾವ ಬಣ್ಣ ಕೂಡಿಸಲಿ ಅಂತ ಕೇಳಿದ್ದೀರಿ. ಹೊಡೆಸಿ. ಧಾರವಾಡದ ನಮ್ಮ ಮನೆಯಲ್ಲಿ ಹೆಚ್ಚುಕಡಿಮೆ ಇಂಥದ್ದೇ ಕೋಣೆಗೆ ಹೊಡೆಸಿ ನಾಲ್ಕು ವರ್ಷವಾಯಿತು. ಈಗಲೂ ಸಂಜೆ ಹೋಗಿ ಕೂರುವುದು ಅಲ್ಲಿಯೇ.

ಆದರೆ ಶೇಡ್ ಕಾರ್ಡ್ ನಂಬಿ ಆರಿಸಬೇಡಿ. ನಮ್ಮ ಕಡೆ ಮೇ, ಜೂನ್, ಜುಲೈ ಬಿಟ್ಟರೆ ಉತ್ತರದ ಕಿಟಕಿಗೆ ನೇರ ಬಿಸಿಲು ಬೀಳುವುದು ತೀರಾ ಕಡಿಮೆ, ಒಳಗೆ ಬರುವುದು ಹೆಚ್ಚಾಗಿ ಆಕಾಶದ ಬೆಳಕು. ಆ ಬೆಳಕೇ ಸ್ವಲ್ಪ ನೀಲಿ, ಸ್ವಲ್ಪ ತಣ್ಣಗೆ. ನಾನು ಮೊದಲು ಮೆಚ್ಚಿದ್ದು ಬೂದು ಬೆರೆತ ನೀಲಿ. ಕಾರ್ಡಿನಲ್ಲಿ ಗಂಭೀರವಾಗಿ ಕಂಡಿದ್ದು ಗೋಡೆಯ ಮೇಲೆ ಒದ್ದೆ ಸ್ಲೇಟಿನ ಹಾಗೆ ಕಂಡಿತು. ಕೆಂಪಿನ ಕಡೆ ವಾಲಿದ ನೀಲಿ ನೇರಳೆಯಾಯಿತು. ಕೊನೆಗೆ ಒಪ್ಪಿದ್ದು ಬೂದು ತೀರಾ ಕಡಿಮೆ ಇದ್ದ, ಹಸಿರಿನ ಕಡೆ ಕೂದಲೆಳೆಯಷ್ಟು ವಾಲಿದ ನೀಲಿ. ಎರಡು ದೊಡ್ಡ ಡ್ರಾಯಿಂಗ್ ಶೀಟುಗಳಿಗೆ ಎರಡೆರಡು ಕೋಟ್ ಹೊಡೆದು ಒಂದನ್ನು ಬಾಗಿಲ ಪಕ್ಕ, ಇನ್ನೊಂದನ್ನು ಮೂಲೆಯಲ್ಲಿ ಅಂಟಿಸಿ, ಎರಡು ದಿನ ಬಿಡಿ. ಮೂಲೆ ಯಾಕೆಂದರೆ ಅಲ್ಲಿ ಎರಡು ನೀಲಿ ಗೋಡೆಗಳ ಬೆಳಕು ಒಂದರ ಮೇಲೊಂದು ಬಿದ್ದು ಬಣ್ಣ ಇನ್ನಷ್ಟು ಗಾಢವಾಗುತ್ತದೆ.

ಮುಸ್ಸಂಜೆ ದೀಪ ಹಾಕುವ ಮುಂಚೆ ತಪ್ಪದೆ ನೋಡಿ. ನಮ್ಮ ಕೋಣೆಯದು ಹಳೆಯ ರೆಡ್ ಆಕ್ಸೈಡ್ ನೆಲ. ಆರೂವರೆ ಹೊತ್ತಿಗೆ ಆ ಕೆಂಪು ಕಪ್ಪಾಗುತ್ತಾ ಹೋಗುತ್ತದೆ, ಗೋಡೆಯ ನೀಲಿ ಮಾತ್ರ ಒಳಗಿಂದ ಹೊಳೆದ ಹಾಗೆ ಎದ್ದು ಕಾಣುತ್ತದೆ. ಬೆಳಕು ಕಡಿಮೆಯಾದಾಗ ನಮ್ಮ ಕಣ್ಣು ಕೆಂಪಿಗಿಂತ ನೀಲಿಯನ್ನು ಚೆನ್ನಾಗಿ ಹಿಡಿಯುತ್ತದೆ. ಚೆಕ್ ವಿಜ್ಞಾನಿ ಪುರ್ಕಿನ್ಯೆ 1819ರಲ್ಲೇ ಇದನ್ನು ಗುರುತಿಸಿದ್ದರು. ಆ ಹದಿನೈದು ನಿಮಿಷಕ್ಕೋಸ್ಕರವೇ ಈ ಬಣ್ಣ ಹೊಡೆಸಬಹುದು ಅನ್ನುತ್ತೇನೆ.

ಗವಿಯ ಭಯಕ್ಕೆ ಕಾರಣ ಗೋಡೆಗಿಂತ ಬಲ್ಬು. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಅಂಕಿ ಕಡಿಮೆಯಾದಷ್ಟೂ ಬೆಳಕು ಹಳದಿ. 6500 ಕೆಲ್ವಿನ್‌ನ ಬೆಳ್ಳನೆ ಟ್ಯೂಬ್‌ಲೈಟಿನಡಿ ನಮ್ಮೆಲ್ಲರ ಮುಖ ಕಳೆಗುಂದಿ ಕಾಣುತ್ತಿತ್ತು. 2700ರ ಹಳದಿ ಬಲ್ಬಿನಲ್ಲಿ ನೀಲಿ ಬೆಳಕೇ ಕಡಿಮೆ, ಹಾಗಾಗಿ ಗೋಡೆ ಇದ್ದಿಲಿನಂತಾಯಿತು. ಈಗ ಸೀಲಿಂಗಿಗೆ 4000, ಮಂಚದ ಪಕ್ಕದ ಮರದ ಕಪಾಟಿನ ಮೇಲೆ ಮಾತ್ರ ಒಂದು ಹಳದಿ ದೀಪ.

ಇನ್ನು ಜೋಡಿ ಬಣ್ಣ. ನನಗೆ ದಾರಿ ತೋರಿಸಿದ್ದು ಅಮ್ಮನ ಕಡು ನೀಲಿ ಇಳಕಲ್ ಸೀರೆ. ಒಡಲು ಪೂರ್ತಿ ನೀಲಿ, ಅಂಚಿಗೂ ಸೆರಗಿಗೂ ಕೆಂಪು, ಬಿಳಿ ಇರುವುದು ಸೆರಗಿನ ತೆನೆ ವಿನ್ಯಾಸದಲ್ಲಷ್ಟೇ. ಇದೇ ಅಳತೆ ಕೋಣೆಗೂ ಹೊಂದುತ್ತದೆ. ನಮಗೆ ಕೆಂಪು ನೆಲದಿಂದಲೇ ಸಿಕ್ಕಿತು. ನಿಮ್ಮ ಟೈಲ್ಸ್ ಕೆನೆಬಣ್ಣದ್ದಾದ್ದರಿಂದ ಕೆಂಪು ಹಾಸಿನಿಂದ ಬರಲಿ. ಒಂದು ನವಲಗುಂದದ ಜಮಖಾನ ಹಾಸಿ ನೋಡಿ, ಆ ಕೆಂಪು ಹಳದಿ ಪಟ್ಟಿಗಳ ಪಕ್ಕದಲ್ಲಿ ನೀಲಿಗೆ ಜೀವ ಬರುತ್ತದೆ. ತೇಗದ ಬಾಗಿಲಿಗೆ ಬಣ್ಣ ಬಳಿಯಬೇಡಿ. ಅದರ ಕಿತ್ತಳೆ ಛಾಯೆ ನೀಲಿಗೆ ಹೇಳಿ ಮಾಡಿಸಿದ ಜೋಡಿ. ಸೀಲಿಂಗಿಗೆ ಹಾಲುಬಿಳಿ ಬೇಡ, ಅದರ ಕೆಳಗೆ ನಿಮ್ಮ ಟೈಲ್ಸ್ ಕೊಳೆಯಾದಂತೆ ಕಾಣುತ್ತದೆ. ಆಫ್ ವೈಟ್ ಶೇಡುಗಳನ್ನು ಟೈಲ್ ಮೇಲೇ ಇಟ್ಟು ಆರಿಸಿ. ನಾಲ್ಕೂ ಗೋಡೆಗೆ ನೀಲಿಯಾ, ಒಂದಕ್ಕಾ? ನನ್ನ ಮತ ನಾಲ್ಕಕ್ಕೂ. ಒಂದೇ ಗೋಡೆಗೆ ಹೊಡೆದರೆ ತೇಪೆ ಹಾಕಿದ ಹಾಗೆ ಕಾಣುತ್ತದೆ.

ಖರ್ಚಿನ ಲೆಕ್ಕ ಹಾಕುವಾಗ ಮೂರು ಕೋಟ್ ಹಿಡಿಯಿರಿ. ಪೇಂಟಿಗೆ ಕೆಳಗಿನ ಗೋಡೆಯನ್ನು ಮರೆಮಾಚುವ ಶಕ್ತಿ ಕೊಡುವುದು ಬಿಳಿ ಟೈಟಾನಿಯಂ ಡೈಆಕ್ಸೈಡ್. ಕಡು ಬಣ್ಣದ ಬೇಸ್‌ನಲ್ಲಿ, ಅಂದರೆ ಅಂಗಡಿಯವರು ಬಣ್ಣ ಬೆರೆಸುವ ಮೂಲ ಪೇಂಟಿನಲ್ಲಿ, ಅದು ಇಲ್ಲವೆನ್ನುವಷ್ಟು ಕಡಿಮೆ. ಎರಡನೇ ಕೋಟ್ ಒಣಗಿದಾಗಲೂ ರೋಲರ್ ಓಡಿದ ಗೆರೆಗಳು ಕಾಣುತ್ತಿದ್ದವು. ನಮ್ಮ ಪೇಂಟರ್ ಗೋಡೆಗೆ ಅಡ್ಡಲಾಗಿ ಟಾರ್ಚ್ ಹಿಡಿದು, "ಇನ್ನೊಂದ್ ಕೋಟ್ ಬೇಕಾಗ್ತದ್ರೀ ಸರ" ಅಂದರು. ಅವರು ಹೇಳಿದ್ದು ಸರಿ. ಪ್ರೈಮರಿಗೆ ಬೂದು ಟಿಂಟ್ ಹಾಕಿಸಿದರೆ ಕೆಲಸ ಹಗುರವಾಗುತ್ತದೆ. ಎಲ್ಲ ಡಬ್ಬಿಗಳನ್ನೂ ಒಂದೇ ದಿನ ಟಿಂಟ್ ಮಾಡಿಸಿ, ದೊಡ್ಡ ಬಕೆಟ್ಟಿಗೆ ಸುರಿದು ಒಟ್ಟಿಗೆ ಕಲಸಿ. ಸಾಲದ್ದಕ್ಕೆ ಇನ್ನೊಂದು ಲೀಟರನ್ನು ನಾನು ವಾರದ ಮೇಲೆ ತಂದೆ, ಸ್ವಿಚ್‌ಬೋರ್ಡಿನ ಸುತ್ತ ಆ ವ್ಯತ್ಯಾಸ ಇಂದಿಗೂ ಕಾಣುತ್ತದೆ.

ಹೊರಗೋಡೆಯಲ್ಲಿ ತೇವ ಇದ್ದರೆ ಮೊದಲು ಅದನ್ನು ಸರಿಮಾಡಿಸಿ. ತೇವದ ಜೊತೆ ಗೋಡೆಯ ಉಪ್ಪು ಹೊರಬಂದರೆ ನೀಲಿಯ ಮೇಲೆ ಬೆಳ್ಳಗೆ ಹೂಬಿಟ್ಟಂತೆ ಕಾಣುತ್ತದೆ. ಬಾಗಿಲ ಪಾಲಿಶ್ ಮೂರನೇ ಕೋಟ್ ಒಣಗಿದ ಮೇಲೆಯೇ ಇರಲಿ, ಅಲ್ಲಿಯವರೆಗೆ ಚೌಕಟ್ಟಿಗೆ ಪೇಪರ್ ಅಂಟಿಸಿಡಿ.