ಆ 500 ಗಂಟೆ ಮಗನಿಗೇ ಇರಲಿ

ಶಿರಸಿ ಹತ್ತಿರದ ಹಳ್ಳಿಯಿಂದ ಅಡಿಕೆ ಬೆಳೆಗಾರರೊಬ್ಬರು ಬರೆದಿದ್ದಾರೆ: "ಮಗನ ಡಿ.ಫಾರ್ಮಾ (ಫಾರ್ಮಸಿ ಡಿಪ್ಲೊಮಾ) ಎರಡು ವರ್ಷ ಮುಗಿಯಿತು. ಇನ್ನು 500 ಗಂಟೆ ತರಬೇತಿಯಂತೆ. ಪರಿಚಯದ ಮೆಡಿಕಲ್ ಶಾಪಿನವರು, ಬರದಿದ್ದರೂ ಸಹಿ ಹಾಕಿ ಕೊಡ್ತೇವೆ ಎನ್ನುತ್ತಾರೆ. ಕೊನೆಕೊಯ್ಲಿಗೆ ಆಳು ಸಿಗ್ತಿಲ್ಲ, ಮನೆಗೆ ಬಾ ಅಂದರೆ ಮಗ ಒಪ್ಪುತ್ತಿಲ್ಲ. ಎಲ್ಲರೂ ಮಾಡುವುದೇ ತಾನೆ? ನೀವಾದರೂ ಅವನಿಗೆ ನಾಲ್ಕು ಮಾತು ಹೇಳಿ."

ನಿಮ್ಮ ಕಷ್ಟ ಗೊತ್ತು. ಅಡಿಕೆ ಹಣ್ಣಾಗಿ ಉದುರುವಾಗ, ಮರ ಹತ್ತಿ ಕೊನೆ (ಅಡಿಕೆ ಗೊನೆ) ಇಳಿಸುವ ಕೊನೆಗೌಡ ಸಿಗದಿದ್ದರೆ ರಾತ್ರಿ ನಿದ್ದೆ ಬರುವುದಿಲ್ಲ. ಆದರೆ ಆ ನಾಲ್ಕು ಮಾತು ಹೇಳಬೇಕಾದದ್ದು ನಿಮಗೆ, ನಿಮ್ಮ ಮಗನಿಗಲ್ಲ.

ಮರ ಹತ್ತಲು ಬಾರದವನೊಬ್ಬ ಯಾರದೋ ಸಹಿಯ ಕಾಗದ ಹಿಡಿದು ಬಂದರೆ ತೋಟಕ್ಕೆ ಬಿಟ್ಟುಕೊಳ್ಳುತ್ತೀರಾ? ಅವನಾದರೂ ಬಿದ್ದರೆ ತನ್ನ ಸೊಂಟ ಮುರಿದುಕೊಳ್ಳುತ್ತಾನೆ. ಔಷಧಿ ಅಂಗಡಿಯಲ್ಲಿ ಹಾಗಲ್ಲ. ಒಳಗಿದ್ದವ ತಪ್ಪಿದರೆ ಬೀಳುವುದು ಹೊರಗೆ ಚೀಟಿ ಹಿಡಿದು ನಿಂತವರು.

ನನ್ನ ತಾಯಿಗೆ ಸಂಧಿವಾತ. ಹುಬ್ಬಳ್ಳಿಯ ಡಾಕ್ಟರು ಮೆಥೋಟ್ರೆಕ್ಸೇಟ್ ಬರೆದಿದ್ದರು, ವಾರಕ್ಕೆ ಒಂದೇ ದಿನ. ಉಳಿದ ದಿನಗಳಿಗೆ ಫೋಲಿಕ್ ಆಸಿಡ್. ನಮಗೆ ಸಿಕ್ಕಿದ ಎರಡೂ ಹಳದಿ, ಎರಡೂ ಸಣ್ಣ ಮಾತ್ರೆ. ಊರ ಅಂಗಡಿಯ ಹುಡುಗ ಕಂದು ಕವರುಗಳ ಮೇಲೆ ಪೆನ್ನಿನಲ್ಲಿ ಬರೆಯುವಾಗ ಅದಲು ಬದಲು ಮಾಡಿದ. ವಾರಕ್ಕೊಮ್ಮೆಯ ಮೆಥೋಟ್ರೆಕ್ಸೇಟನ್ನು ಅಮ್ಮ ದಿನವೂ ನುಂಗಿದರು. ವಾರ ಕಳೆಯುವಷ್ಟರಲ್ಲಿ ಅಮ್ಮನ ಬಾಯಿ ತುಂಬ ಹುಣ್ಣು, ಗಂಜಿಯೂ ಇಳಿಯದು. ಆಸ್ಪತ್ರೆಯ ಡಾಕ್ಟರು ಆ ಕವರು ನೋಡಿದವರೇ ಕುರ್ಚಿಯಿಂದ ಎದ್ದರು. ಅಮ್ಮ ಉಳಿದರು. ಅಂಗಡಿಗೆ ಹೋಗಿ ಕೇಳಿದೆ, ಗೋಡೆಯ ಮೇಲಿನ ಸರ್ಟಿಫಿಕೇಟಿನವರು ಎಲ್ಲಿ ಎಂದು. "ಅವರು ಬೇರೆ ಊರಲ್ಲಿರ್ತಾರೆ, ತಿಂಗಳಿಗೊಮ್ಮೆ ಸಹಿಗೆ ಬರ್ತಾರೆ" ಅಂದ ಹುಡುಗ. ಅವನ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವನಿಗೆ ಯಾರೂ ಕಲಿಸಿರಲಿಲ್ಲ.

ಡಾಕ್ಟರ ಚೀಟಿಗೆ ಔಷಧಿ ಕೊಡುವ ಅಧಿಕಾರವನ್ನು ನೋಂದಾಯಿತ ಫಾರ್ಮಸಿಸ್ಟಿಗೆ ಮಾತ್ರ ಕೊಟ್ಟದ್ದು 1948ರ ಫಾರ್ಮಸಿ ಕಾಯ್ದೆಯ 42ನೇ ಕಲಮು. ತರಬೇತಿಯ 500 ಗಂಟೆಯಲ್ಲಿ ಕನಿಷ್ಠ 250 ಗಂಟೆ ಚೀಟಿ ನೋಡಿ ಔಷಧಿ ಕೊಡುವುದರಲ್ಲೇ ಕಳೆಯಬೇಕು. ಡಾಕ್ಟರ ಅಕ್ಷರ ಬಿಡಿಸುವುದು, 2.5 ಮಿಲಿಗ್ರಾಂ ಮಾತ್ರೆಯ ಪಕ್ಕದಲ್ಲೇ ಕೂತ 10 ಮಿಲಿಗ್ರಾಂನ ಪಟ್ಟಿ ಕೈಗೆ ಬಾರದಂತೆ ನೋಡುವುದು, ಶೆಡ್ಯೂಲ್ ಎಚ್1 (ಹೆಚ್ಚಿನ ನಿಗಾ ಬೇಕೆಂದು ಕಾನೂನೇ ಪಟ್ಟಿ ಮಾಡಿದ) ಔಷಧಿಗಳಿಗೆ ಬೇರೆ ರಿಜಿಸ್ಟರು ಬರೆದು 3 ವರ್ಷ ಇಡುವುದು, ನಮ್ಮ ಮಳೆಗಾಲದಲ್ಲಿ ದಿನಗಟ್ಟಲೆ ಕರೆಂಟಿಲ್ಲದಾಗ ಇನ್ಸುಲಿನ್‌ಅನ್ನು 2ರಿಂದ 8 ಡಿಗ್ರಿಯಲ್ಲಿ ಉಳಿಸುವುದು, ಇವೆಲ್ಲ ಕೈಗೆ ಹತ್ತುವುದು ಅಂಗಡಿಯಲ್ಲಿ ನಿಂತಾಗ.

ಕಾಲೇಜಿನಲ್ಲಿ ಪ್ರಯೋಗದ ರೆಕಾರ್ಡು ಬರೆಯುವಾಗ ಸೀನಿಯರ್ ಪುಸ್ತಕ ನೋಡಿ ಮಾಡದ ಪ್ರಯೋಗದ ಫಲಿತಾಂಶ ಇಳಿಸಿದವ, ಮುಂದೆ ಹೋಗದ ತರಬೇತಿಗೆ ಸಹಿ ಪಡೆಯುತ್ತಾನೆ. ಆಮೇಲೆ ತಾನು ಕೂರದ ಅಂಗಡಿಗೆ ಸರ್ಟಿಫಿಕೇಟು ಬಾಡಿಗೆಗೆ ಕೊಡುತ್ತಾನೆ. 2022ರಲ್ಲಿ ಫಾರ್ಮಸಿ ಕೌನ್ಸಿಲ್ ಡಿಪ್ಲೊಮಾದವರಿಗೆ, ಓದು ಮುಗಿದ ಮೇಲೆ ನೋಂದಣಿಗೆ ಮೊದಲು ಬರೆಯುವ ಎಕ್ಸಿಟ್ ಪರೀಕ್ಷೆಯ ನಿಯಮವನ್ನೂ ತಂದಿತು. ಕಾಲೇಜಿನ ಅಂಕಪಟ್ಟಿಯ ಮೇಲೆ ನಂಬಿಕೆಯಿದ್ದರೆ ಮತ್ತೊಂದು ಪರೀಕ್ಷೆ ಯಾಕೆ ಬೇಕಿತ್ತು?

ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಂತೂ ಇದು ಸಣ್ಣ ಮಾತಲ್ಲ. ದೊಡ್ಡ ಕಾಯಿಲೆಯೆಂದರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಎಂದು ಓಡುವವರು ನಾವು. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕೆಂದು ಕಾರವಾರದಿಂದ ಭಟ್ಕಳದವರೆಗೆ ಜನ ಕೂಗಿದ್ದಾರೆ, ನಾನೂ ಕೂಗಿದ್ದೇನೆ. ಆ ದೂರದ ಊರುಗಳಿಂದ ಚೀಟಿ ಹಿಡಿದು ಬಂದ ಮೇಲೆ ಸಂಶಯ ಕೇಳಲು ನಮಗಿರುವುದು ಊರ ಮೆಡಿಕಲ್ ಶಾಪು ಒಂದೇ. ಅಲ್ಲೂ ಗೊತ್ತಿದ್ದವರಿಲ್ಲದಿದ್ದರೆ ಘಟ್ಟದ ಮೇಲಿನವರು, ಕೆಳಗಿನವರು ಯಾರನ್ನು ಕೇಳಬೇಕು?

ಮಾರಾಯರೇ, ಮನೆಯಲ್ಲಿ ಇಂಥ ಮಗನನ್ನು ಬೆಳೆಸಿದವರು ನೀವೇ. ಈಗ ಅವನನ್ನು ತಡೆಯಬೇಡಿ. ಕೊಯ್ಲಿಗೆ ಪಕ್ಕದ ತೋಟದವರೊಡನೆ ಮುಯ್ಯಾಳು ಮಾಡಿಕೊಳ್ಳಿ, ಭಾನುವಾರ ಅಡಿಕೆ ಸುಲಿಯಲು ಅವನೂ ಕೂರಲಿ. ಉಳಿದ ದಿನ ಶಿರಸಿಯ ಮೊದಲ ಬಸ್ಸು ತಪ್ಪದ ಹಾಗೆ ಬೇಗ ಎಬ್ಬಿಸಿ ಕಳಿಸಿ.