ಟೊಮೆಟೊ ಹರಾಜಿಗೆ ಹಾಕಬೇಕಾ, ಒಬ್ಬನೇ ಖರೀದಿದಾರನ ಜೊತೆ ಒಪ್ಪಂದ ಮಾಡಿಕೊಳ್ಳಬೇಕಾ?

ಹರಾಜಿನಲ್ಲಿ ದರ ಸಿಗುತ್ತಿಲ್ಲ, ಒಪ್ಪಂದಕ್ಕೆ ಹೋಗಲಾ ಅಂತ ಕೇಳಿದ್ದೀರಿ. ಇದೇ ಯೋಚನೆಯಲ್ಲಿ ನಾನೂ ನಿದ್ದೆ ಕೆಟ್ಟಿದ್ದೇನೆ. ನನಗೆ ದರ ಸಿಗದಿದ್ದಕ್ಕೆ ಕಾರಣ ಹರಾಜಲ್ಲ, ನಾನು ಹಣ್ಣು ಕಿತ್ತ ಹೊತ್ತು.

ಕೆಂಪಗೆ ಮಿಂಚಿದರೆ ಕೂಗು ಜಾಸ್ತಿ ಏರುತ್ತೆ ಅಂದುಕೊಂಡು ಟೊಮೆಟೊವನ್ನು ಗಿಡದಲ್ಲೇ ಪೂರ್ತಿ ಮಾಗಲು ಬಿಟ್ಟಿದ್ದೆ. ಅವತ್ತು ಹರಾಜು ಕಟ್ಟೆಯ ಮೇಲೆ ಅಷ್ಟು ಚೆಂದದ ಮಾಲು ಬೇರೆ ಇರಲಿಲ್ಲ. ಹರಾಜು ನಡೆಸುವವರು ನನ್ನ ಸಾಲಿಗೆ ಬಂದರು, ಹಿಂದೆ ವ್ಯಾಪಾರಿಗಳ ಗುಂಪು. ಒಬ್ಬರು ಕ್ರೇಟಿನ ತಳಕ್ಕೆ ಕೈಹಾಕಿ ಒಂದು ಹಣ್ಣು ತೆಗೆದರು. ತೊಟ್ಟಿನ ಪಕ್ಕ ಹೆಬ್ಬೆರಳಿಟ್ಟು ಒತ್ತಿದರು. ಬೆರಳು ತುಸು ಒಳಗೆ ಇಳಿಯಿತು. ಹಣ್ಣು ವಾಪಸ್ ಇಟ್ಟು ಮುಂದಿನ ಸಾಲಿಗೆ ನಡೆದರು. ದೂರದೂರಿಗೆ ಲಾರಿ ತುಂಬುವವರೆಲ್ಲ ಅವರ ಹಿಂದೆಯೇ ಹೋದರು.

ಇದನ್ನು ಬಿಡಿಸಿ ಹೇಳಲೇಬೇಕು. ದಿನಗಟ್ಟಲೆ ಲಾರಿಯಲ್ಲಿ ಕುಲುಕಾಡುವ ಮಾಲು ಗಟ್ಟಿ ಇರಬೇಕು. ಮಾಗಿದ ಹಣ್ಣು ಅವರಿಗೆ ಬೇಡ. ಉಳಿದವರು ಹತ್ತಿರದ ಚಿಲ್ಲರೆ ವ್ಯಾಪಾರಿಗಳು, ಅದೂ ಇಬ್ಬರೇ. ಕೂಗಿ ಏರಿಸುವ ಹರಾಜಿನಲ್ಲಿ ಗೆದ್ದವನ ಜೇಬಿನಲ್ಲಿ ಎಷ್ಟಿದೆ ಅನ್ನುವುದು ಮುಖ್ಯವಲ್ಲ. ಅವನ ಎದುರಾಳಿ ಎಲ್ಲಿ ಸುಮ್ಮನಾಗುತ್ತಾನೋ ದರ ಅಲ್ಲಿಗೇ ನಿಲ್ಲುತ್ತದೆ. ನನ್ನ ಮಾಲಿಗೆ ಕೂಗುವಾಗ ಎದುರಾಳಿ ಬೇಗ ಸುಮ್ಮನಾದ. ಈ ದರಕ್ಕೆ ಕೊಡಲ್ಲ ಅನ್ನುವ ಹಕ್ಕು ನನಗಿತ್ತು. ಆದರೆ ವಾಪಸ್ ಒಯ್ದರೆ ಮರುದಿನಕ್ಕೆ ನೀರು ಬಿಡುವ ಹಣ್ಣು! ಒಪ್ಪಿಕೊಂಡೆ. ದೋರೆಗಾಯಿ ಇರುವಾಗಲೇ ಕಿತ್ತಿದ್ದರೆ ಕೂಗುವವರೂ ಹೆಚ್ಚಿರುತ್ತಿದ್ದರು, ಬೇಡ ಅನ್ನುವ ಧೈರ್ಯವೂ ಇರುತ್ತಿತ್ತು. ಟೊಮೆಟೊ, ಮಾವು, ಬಾಳೆ ಕಿತ್ತ ಮೇಲೂ ಮಾಗುತ್ತವೆ. ದ್ರಾಕ್ಷಿ, ಸ್ಟ್ರಾಬೆರಿ ಹಾಗಲ್ಲ, ಅವಕ್ಕೆ ಈ ಮಾತು ಸಲ್ಲದು.

ಹಾಗಾಗಿ ಹರಾಜು ಬಿಟ್ಟರೆ ದರ ಸಿಗುತ್ತೆ ಅನ್ನುವುದನ್ನು ನಾನು ಒಪ್ಪುವುದಿಲ್ಲ. ಹರಾಜು ಇರುವುದು ಇವತ್ತಿನ ದರ ಎಲ್ಲರ ಕಣ್ಣೆದುರೇ ತೀರ್ಮಾನವಾಗಲಿ ಅಂತ. ನೆದರ್‌ಲೆಂಡ್ಸ್‌ನ ಬ್ರೂಕ್ ಆಪ್ ಲಾಂಗೆಡೈಕ್‌ನಲ್ಲಿ ತರಕಾರಿ ಹರಾಜು ಶುರುವಾಗಿದ್ದು 1887ರಲ್ಲಿ. ಅಲ್ಲಿನ ಪದ್ಧತಿಯಲ್ಲಿ ದರ ಮೇಲಿನಿಂದ ಇಳಿಯುತ್ತಾ ಬರುತ್ತದೆ. ಮೊದಲು ಯಾರು ತಡೆದು ನಿಲ್ಲಿಸುತ್ತಾರೋ ಮಾಲು ಅವರದ್ದು. ಮುಂದೆ ಸೂಪರ್‌ಮಾರ್ಕೆಟ್‌ಗಳು ಬೆಳೆದು ನೇರವಾಗಿ ಕೊಡಿ ಅಂದವು. 1996ರಲ್ಲಿ ಒಂಬತ್ತು ಹರಾಜು ಸಂಸ್ಥೆಗಳು ಒಂದಾಗಿ ದಿ ಗ್ರೀನರಿ ಅನ್ನುವ ಮಾರಾಟ ಸಂಸ್ಥೆ ಆಯಿತು, ಹರಾಜಿನ ಜಾಗಕ್ಕೆ ಮಾತುಕತೆಯ ಮಾರಾಟ ಬಂತು. ಬೆಳೆಗಾರನಾಗಿ ನನಗೆ ಇದು ಹಿಡಿಸುವುದಿಲ್ಲ. ಎಲ್ಲರೂ ಹರಾಜು ಬಿಟ್ಟರೆ ಒಪ್ಪಂದದ ದರ ಸರಿಯಿದೆಯಾ ಅಂತ ಯಾವುದಕ್ಕೆ ಹೋಲಿಸಿ ನೋಡುತ್ತೀರಿ? ಕೊಳ್ಳುವವನು ಹೇಳಿದ್ದೇ ದರ ಆಗುತ್ತದೆ, ಅಲ್ವಾ?

ಮೊದಲು ಮಾಲು ಒಯ್ಯದೆ ಸುಮ್ನೆ ಹೋಗಿ ನಿಂತು ನೋಡಿ. ನಿನ್ನೆಯ ದರ ವಿಚಾರಿಸುವುದಕ್ಕಿಂತ, ನಿಮ್ಮಂಥ ಮಾಲಿಗೆ ಎಷ್ಟು ಜನ ಕೂಗುತ್ತಾರೆ ಎಣಿಸಿ. ದಿನಾ ಅದೇ ಎರಡು ಮೂರು ಮುಖಗಳಾದರೆ ಒಳಗೊಳಗೇ ಮಾತಾಡಿಕೊಂಡಿರಬಹುದು, ಬೇರೆ ಹರಾಜು ಹುಡುಕಿ. ಒಪ್ಪಂದಕ್ಕೇ ಹೋಗುವುದಾದರೆ ಹರಾಜಿನ ಸರಾಸರಿ ದರದ ಮೇಲೆ ಇಷ್ಟು ಅಂತ ಬರೆಸಿಕೊಳ್ಳಿ. ಹಣ್ಣಿನ ಗುಣಮಟ್ಟವನ್ನು ಯಾರು, ಎಲ್ಲಿ ನೋಡಬೇಕು ಅನ್ನುವುದೂ ಅದರಲ್ಲಿರಲಿ. ದರ ಬಿದ್ದ ದಿನವೇ ಮಾಲು ಸರಿಯಿಲ್ಲ ಅಂತ ಲಾರಿ ವಾಪಸ್ ಕಳಿಸುವವರಿದ್ದಾರೆ.