ನೋವು ತಾನಾಗಿಯೇ ನಿಂತರೆ ಹಲ್ಲು ವಾಸಿಯಾಯಿತೆಂದು ತಿಳಿಯಬಹುದೇ? ಕೆಟ್ಟ ಹಲ್ಲನ್ನು ಗುರುತಿಸುವುದು ಹೇಗೆ?

ನಿಮ್ಮ ತಂದೆಯವರ ಕೆಳಗಿನ ದವಡೆ ಹಲ್ಲೊಂದು ರಾತ್ರಿ ನಿದ್ದೆಗೆಡಿಸುವಷ್ಟು ನೋಯುತ್ತಿತ್ತು, ಈಗ ನೋವು ತಾನಾಗಿಯೇ ನಿಂತಿರುವುದರಿಂದ ಅವರು ಡಾಕ್ಟರ ಬಳಿ ಹೋಗಲು ಒಪ್ಪುತ್ತಿಲ್ಲ, ಗದಗ ಜಿಲ್ಲೆಯ ಮುಂಡರಗಿಯ ಕಡೆಯವರಾದ್ದರಿಂದ ಹಲ್ಲಿನ ಮೇಲೆ ಮೊದಲಿನಿಂದಲೂ ಕಂದು ಕಲೆಗಳಿದ್ದು ಹುಳುಕು ಯಾವುದು ಕಲೆ ಯಾವುದು ಎಂಬುದೂ ತಿಳಿಯುತ್ತಿಲ್ಲ ಎಂದು ಬರೆದಿದ್ದೀರಿ. ಧಾರವಾಡದಲ್ಲಿ ದಂತವೈದ್ಯೆಯಾಗಿರುವ ನಾನು ಮೊದಲ ಪ್ರಶ್ನೆಗೆ ನೇರವಾಗಿಯೇ ಉತ್ತರಿಸುತ್ತೇನೆ. ಅಷ್ಟು ತೀವ್ರವಾಗಿ ನೋಯುತ್ತಿದ್ದ ಹಲ್ಲು ಚಿಕಿತ್ಸೆಯಿಲ್ಲದೆ ಸುಮ್ಮನಾಗಿದ್ದರೆ, ಅದರೊಳಗಿನ ನರ ಸತ್ತಿರುವ ಸಂಭವವೇ ಹೆಚ್ಚು. ಅವರನ್ನು ಈ ವಾರವೇ ಕರೆದುಕೊಂಡು ಹೋಗಿ.

ಹೀಗೇಕಾಗುತ್ತದೆ ಎಂಬುದನ್ನು ತಂದೆಯವರಿಗೂ ವಿವರಿಸಿ ಹೇಳಿ. ಹಲ್ಲಿನ ಹೊರಪದರವಾದ ಎನಾಮೆಲ್‌ಗೆ ನರವಿಲ್ಲದಿರುವುದರಿಂದ ಹುಳುಕು ಅಲ್ಲಿರುವಷ್ಟು ಕಾಲ ಏನೂ ಗೊತ್ತಾಗುವುದಿಲ್ಲ. ಅದರ ಕೆಳಗಿನ ಡೆಂಟಿನ್ ಪದರಕ್ಕೆ ಇಳಿದಾಗ ತಣ್ಣೀರು, ಸಿಹಿ ತಾಗಿದರೆ ಜುಮ್ಮೆನ್ನತೊಡಗುತ್ತದೆ. ಇನ್ನೂ ಒಳಗೆ, ನರ ಮತ್ತು ರಕ್ತನಾಳಗಳಿರುವ ತಿರುಳಿಗೆ ಸೋಂಕು ತಲುಪಿದಾಗ ಅದು ಊದಿಕೊಳ್ಳುತ್ತದೆ. ಸುತ್ತಲೂ ಗಟ್ಟಿಯಾದ ಹಲ್ಲಿನ ಗೋಡೆಯಿರುವ ಕಾರಣ ಊತಕ್ಕೆ ಜಾಗವೇ ಸಿಗದೆ ಒತ್ತಡ ಹೆಚ್ಚುತ್ತದೆ, ಆಗ ಬರುವುದೇ ನಿಮ್ಮ ತಂದೆಯವರು ಅನುಭವಿಸಿದ ನೋವು. ಕಡೆಗೆ ರಕ್ತಸಂಚಾರ ನಿಂತು ತಿರುಳು ಸತ್ತಾಗ ನೋವೂ ನಿಲ್ಲುತ್ತದೆ, ಆದರೆ ಸೋಂಕು ನಿಲ್ಲುವುದಿಲ್ಲ. ಅದು ಬೇರಿನ ತುದಿಯಿಂದ ದವಡೆಯ ಮೂಳೆಗೆ ಇಳಿದು ಸದ್ದಿಲ್ಲದೆ ಕೀವು ಕಟ್ಟುತ್ತ ಹೋಗುತ್ತದೆ. ನನ್ನ ಬಳಿ ಮುಖ ಊದಿಸಿಕೊಂಡು ಬರುವವರಲ್ಲಿ ಅನೇಕರು, ಮೊದಲು ನೋವಿತ್ತು, ಆಮೇಲೆ ಕಡಿಮೆಯಾಗಿತ್ತು ಎಂದೇ ಹೇಳುತ್ತಾರೆ. ನನಗೆ ಅತ್ಯಂತ ಬೇಸರ ತರುವ ಮಾತೂ ಅದೇ, ಏಕೆಂದರೆ ಆ ನಡುವಿನ ಕಾಲದಲ್ಲಿ ಬಂದಿದ್ದರೆ ಎಷ್ಟೋ ಹಲ್ಲುಗಳನ್ನು ಸುಲಭವಾಗಿ ಉಳಿಸಬಹುದಿತ್ತು.

ಆದ್ದರಿಂದ ನೋವಿನ ಪ್ರಮಾಣಕ್ಕಿಂತ ಅದರ ರೀತಿಯನ್ನು ಗಮನಿಸಬೇಕು. ತಣ್ಣೀರು ತಾಗಿದಾಗ ಜುಮ್ಮೆಂದು ಕೆಲವೇ ಕ್ಷಣಗಳಲ್ಲಿ ಹೋಗಿಬಿಟ್ಟರೆ ತಿರುಳು ಇನ್ನೂ ಚೇತರಿಸಿಕೊಳ್ಳುವ ಸ್ಥಿತಿಯಲ್ಲಿದೆ ಎನ್ನಬಹುದು. ಸಣ್ಣ ಫಿಲ್ಲಿಂಗ್‌ನಿಂದಲೇ ಕೆಲಸ ಮುಗಿದೀತು. ನೀರು ನುಂಗಿದ ಮೇಲೂ ಅರ್ಧ ನಿಮಿಷಕ್ಕಿಂತ ಹೆಚ್ಚು ನೋವು ಉಳಿದರೆ, ಬಿಸಿ ಚಹಾ ಕುಡಿದಾಗ ಕೆರಳಿದರೆ, ಕಾರಣವಿಲ್ಲದೆ ತಾನಾಗಿ ಬಂದರೆ, ಮಲಗಿದ ಕೂಡಲೇ ಜೋರಾದರೆ ತಿರುಳು ಮತ್ತೆ ಸರಿಹೋಗದಷ್ಟು ಕೆಟ್ಟಿದೆ ಎಂದು ನಾವು ಅನುಮಾನಿಸುತ್ತೇವೆ. ಕಟಕ್ ರೊಟ್ಟಿ ಅಗಿಯುವಾಗ ಒಂದೇ ಹಲ್ಲು ನೋಯುವುದು ಬೇರಿನ ಸುತ್ತ ಸೋಂಕಿರುವ ಲಕ್ಷಣವಾಗಿರಬಹುದು. ಕಚ್ಚಿ ಬಿಟ್ಟ ಕ್ಷಣದಲ್ಲಿ ಸಳಕ್ಕನೆ ನೋವು ಬಂದರೆ ಹಲ್ಲು ಬಿರುಕು ಬಿಟ್ಟಿರಬಹುದು. ಗಟ್ಟಿ ಅಡಿಕೆ ಅಗಿಯುವ ರೂಢಿಯಿರುವವರಲ್ಲಿ ಈ ಅನುಮಾನ ಇನ್ನೂ ಬಲವಾಗುತ್ತದೆ.

ನೋವಿಲ್ಲದ ಗುರುತುಗಳೂ ಇವೆ. ಒಂದು ಹಲ್ಲಷ್ಟೇ ಉಳಿದವುಗಳಿಗಿಂತ ಬೂದು ಬಣ್ಣಕ್ಕೆ ತಿರುಗುವುದು, ಒಂದೇ ಸಂದಿನಲ್ಲಿ ಪ್ರತಿಸಲವೂ ಊಟ ಸಿಕ್ಕಿಕೊಳ್ಳುವುದು, ಬಾಯಲ್ಲಿ ಆಗಾಗ ಕೆಟ್ಟ ರುಚಿ ಬರುವುದು ಇಂಥವು. ಒಸಡಿನ ಮೇಲೆ ಸಣ್ಣ ಗುಳ್ಳೆಯೊಂದು ಎದ್ದು, ಒಡೆದು, ಮಾಯವಾಗಿ, ಮತ್ತೆ ಅಲ್ಲಿಯೇ ಏಳುತ್ತಿದ್ದರೆ ಅದು ಕೀವು ಹೊರಬರಲು ಮಾಡಿಕೊಂಡ ದಾರಿ. ಒಳ್ಳೆಯ ಬೆಳಕಿನಲ್ಲಿ ಕೆನ್ನೆಯನ್ನು ಸರಿಸಿ ತಂದೆಯವರ ಆ ಹಲ್ಲಿನ ಬುಡವನ್ನು ನೋಡಿ. ಹಲ್ಲುಜ್ಜುವಾಗ ರಕ್ತ ಬರುವುದು, ಹಲ್ಲು ಅಲುಗಾಡುವುದು ಒಸಡಿನ ರೋಗದ ಲಕ್ಷಣಗಳು. ಆದರೆ ಸಿಗರೇಟು ಸೇದುವವರಲ್ಲಿ ಈ ರಕ್ತಸ್ರಾವ ಕಡಿಮೆ ಕಾಣಿಸುವುದರಿಂದ, ರಕ್ತ ಬರುವುದಿಲ್ಲವೆಂಬ ಸಮಾಧಾನವನ್ನು ಅವರು ನಂಬುವಂತಿಲ್ಲ.

ಇನ್ನು ಆ ಕಂದು ಕಲೆಗಳು. ಮುಂಡರಗಿ ಭಾಗದ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿರುವುದು ಬಹುಕಾಲದಿಂದ ತಿಳಿದ ಸಂಗತಿ, ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎಂಬುದು ಕುಡಿಯುವ ನೀರಿನ ಮಿತಿ. ಹಲ್ಲು ದವಡೆಯೊಳಗೆ ರೂಪುಗೊಳ್ಳುವ ಬಾಲ್ಯದ ವರ್ಷಗಳಲ್ಲಿ ಅಂಥ ನೀರು ಕುಡಿದವರಿಗೆ ಈ ಕಲೆಗಳು ಉಳಿಯುತ್ತವೆ. ಅವು ಸಾಮಾನ್ಯವಾಗಿ ಎಡಬಲದ ಹಲ್ಲುಗಳಲ್ಲಿ ಜೋಡಿಯಾಗಿ ಕಾಣುತ್ತವೆ, ಹಲ್ಲು ಹುಟ್ಟಿದಾಗಿನಿಂದಲೂ ಇರುತ್ತವೆ. ಹುಳುಕು ಹಾಗಲ್ಲ, ಒಂದು ಹಲ್ಲಿನಲ್ಲಿ ಹೊಸದಾಗಿ ಕಾಣಿಸಿಕೊಂಡು ಬೆಳೆಯುತ್ತ ಹೋಗುತ್ತದೆ, ಅಲ್ಲಿ ನಾಲಿಗೆಗೆ ಗುಂಡಿ ತಗುಲುತ್ತದೆ. ಕಲೆಯ ಹಲ್ಲಿಗೂ ಹುಳುಕು ಹತ್ತಬಹುದಾದ್ದರಿಂದ ಅನುಮಾನವಿದ್ದಲ್ಲಿ ಎಕ್ಸ್‌ರೇ ತೆಗೆಸಲೇಬೇಕು.

ಲವಂಗದ ಎಣ್ಣೆ ಸ್ವಲ್ಪ ಹೊತ್ತು ನೋವನ್ನು ಮರೆಸುತ್ತದೆ, ಅಷ್ಟೆ. ಆಸ್ಪಿರಿನ್ ಮಾತ್ರೆಯನ್ನು ಹಲ್ಲಿನ ಪಕ್ಕ ಒತ್ತಿಟ್ಟರೆ ಒಸಡು ಸುಡುತ್ತದೆ. ಔಷಧಿ ಅಂಗಡಿಯಲ್ಲಿ ಕೇಳಿ ತಂದ ಆಂಟಿಬಯೋಟಿಕ್‌ನಿಂದ ಊತ ಇಳಿದರೂ ಸತ್ತ ತಿರುಳು ಒಳಗೇ ಉಳಿದಿರುತ್ತದೆ. ಸತ್ತ ತಿರುಳನ್ನು ತೆಗೆದು ಒಳಗನ್ನು ತುಂಬುವ ರೂಟ್ ಕೆನಾಲ್ ಮಾಡಿಸುವುದು ಅಥವಾ ಹಲ್ಲು ಕೀಳಿಸುವುದು, ಇವೆರಡರಲ್ಲಿ ಒಂದು ಆಗಲೇಬೇಕು.

ಜ್ವರದೊಂದಿಗೆ ದವಡೆಯ ಕೆಳಗೆ ಅಥವಾ ಕುತ್ತಿಗೆಯಲ್ಲಿ ಊತ ಬಂದರೆ, ಬಾಯಿ ತೆರೆಯಲು, ನುಂಗಲು ಅಥವಾ ಉಸಿರಾಡಲು ಕಷ್ಟವಾದರೆ ಕ್ಲಿನಿಕ್ ತೆರೆಯುವವರೆಗೆ ಕಾಯಬೇಡಿ. ಅದು ಪ್ರಾಣಕ್ಕೆ ಅಪಾಯವಾಗಬಲ್ಲ ಸ್ಥಿತಿ, ರಾತ್ರಿಯಾದರೂ ಗದಗಿನ ಜಿಮ್ಸ್ ಅಥವಾ ಹುಬ್ಬಳ್ಳಿಯ ಕೆಎಂಸಿಆರ್‌ಐ (ಹಿಂದಿನ ಕಿಮ್ಸ್) ಸರ್ಕಾರಿ ಆಸ್ಪತ್ರೆಯ ತುರ್ತು ವಿಭಾಗಕ್ಕೆ ಹೋಗಿ. ಕೆಳದವಡೆಯ ನೋವು ನಡೆದಾಡುವಾಗ ಹೆಚ್ಚಾಗಿ, ಜೊತೆಗೆ ಎದೆ ಬಿಗಿತ, ಬೆವರು ಇದ್ದರೆ ಅದನ್ನು ಹೃದಯದ ತೊಂದರೆಯೆಂದೇ ತಿಳಿದು ಧಾವಿಸಬೇಕು.

ಇವಾವುವೂ ಇಲ್ಲದಿದ್ದರೆ ಊರಿನ ದಂತವೈದ್ಯರೇ ಸಾಕು; ಧಾರವಾಡದ ಸತ್ತೂರಿನ ಎಸ್‌ಡಿಎಂ ದಂತ ಮಹಾವಿದ್ಯಾಲಯದಲ್ಲಿಯೂ ತೋರಿಸಬಹುದು. ತಂದೆಯವರಿಗೆ ಸಕ್ಕರೆ ಕಾಯಿಲೆಯಿದ್ದರೆ, ರಕ್ತ ತೆಳುವಾಗಿಸುವ ಮಾತ್ರೆ ನಡೆಯುತ್ತಿದ್ದರೆ ಮೊದಲೇ ಹೇಳಿ, ಆ ಮಾತ್ರೆಯನ್ನು ನೀವಾಗಿಯೇ ನಿಲ್ಲಿಸಬೇಡಿ. ಹಳೆಯ ಚೀಟಿಗಳನ್ನು ಜೊತೆಗೆ ಒಯ್ಯಿರಿ, ಬೇರೆ ಸೂಚನೆ ಕೊಡದಿದ್ದರೆ ಊಟ ಮಾಡಿಸಿಯೇ ಕರೆದುಕೊಂಡು ಹೋಗಿ. ಖಾಲಿ ಹೊಟ್ಟೆಯಲ್ಲಿ ಇಂಜೆಕ್ಷನ್ ಕೊಟ್ಟಾಗ ಕೆಲವರಿಗೆ ತಲೆ ಸುತ್ತು ಬರುತ್ತದೆ.